ವಾರ್ಡ್ ಬದಲಾದರೂ ಮನೆಯ ಗುರುತು ಬದಲಾಗದಿರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಒಂದೇ ಮನೆಗೆ ಆಸ್ತಿ ತೆರಿಗೆಯಲ್ಲಿ ಪಿಐಡಿ (ಸ್ವತ್ತಿನ ಗುರುತಿನ ಸಂಖ್ಯೆ), ಬೆಸ್ಕಾಂನಲ್ಲಿ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆ. ಹಿಂದೆ ಹಳ್ಳಿಯಾಗಿದ್ದರೆ ಪಂಚಾಯಿತಿಯ ಇ–ಸ್ವತ್ತು ಸಂಖ್ಯೆ ಬೇರೆ. ಇವನ್ನು ಬೆಸೆಯಬೇಕಾದ ವಿಳಾಸವೇ ಒಂದೊಂದು ಕಡತದಲ್ಲಿ ಒಂದೊಂದು ರೀತಿ. ‘4ನೇ ಮೇನ್, 7ನೇ ಕ್ರಾಸ್’ ಯಾವ ಬಡಾವಣೆಯಲ್ಲಿಲ್ಲ ಹೇಳಿ! ಒಬ್ಬರು ‘ಕ್ರಾಸ್’, ಇನ್ನೊಬ್ಬರು ‘ಅಡ್ಡರಸ್ತೆ’ ಎಂದು ನಮೂದಿಸಿದರೆ ಕಂಪ್ಯೂಟರಿಗೆ ಅವು ಎರಡು ಬೀದಿ.

ಪಿಐಡಿ ರಚನೆಯೇ ವಾರ್ಡ್–ಬೀದಿ–ಸ್ವತ್ತು. ವಾರ್ಡ್ ಮರುವಿಂಗಡಣೆಯಾದಾಗಲೆಲ್ಲ ಅದು ಹಳತಾಗುತ್ತದೆ. 2025ರಲ್ಲಿ ಪಾಲಿಕೆಯೇ ಐದಾಯಿತು. ಬದಲಾಗುವ ಗಡಿಯನ್ನು ಗುರುತಿನ ಸಂಖ್ಯೆಯೊಳಗೆ ತುರುಕಿದ್ದೇ ತಪ್ಪು. ಬೀದಿಗೆ ಬರೀ ಕ್ರಮಸಂಖ್ಯೆ ಕೊಟ್ಟು, ವಾರ್ಡನ್ನು ಜಾರಿಯಾದ ದಿನಾಂಕದ ಜತೆ ಪ್ರತ್ಯೇಕ ಕಾಲಂನಲ್ಲಿ ಇಡಬೇಕು. ಮನೆ ಸಂಖ್ಯೆ, ಮಹಡಿ, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ, ಪಿನ್‌ಕೋಡ್ ಒಂದೇ ಸಾಲಿನಲ್ಲಿ ಬೆರೆಯಬಾರದು. ಹಳೆಯ ಸಂಖ್ಯೆಯನ್ನು ಅಳಿಸದೆ ಹೊಸದಕ್ಕೆ ಜೋಡಿಸಿಡಬೇಕು, ಇಲ್ಲದಿದ್ದರೆ ಹಳೆಯ ಕ್ರಯಪತ್ರ ತಾಳೆಯಾಗುವುದಿಲ್ಲ. ಹೆಸರಿನ ಕನ್ನಡ ರೂಪವೇ ಮೂಲವಾಗಿರಲಿ. ಇಂಗ್ಲಿಷ್ ಕಾಗುಣಿತ ಅದರಿಂದಲೇ, ಒಂದೇ ಬಗೆಯಲ್ಲಿ ಬರಲಿ.

ಅಂಚೆ ಇಲಾಖೆಯ ಡಿಜಿಪಿನ್, ಅಂದರೆ ಜಾಗವನ್ನು ಗುರುತಿಸುವ 10 ಅಕ್ಷರಗಳ ಸಂಕೇತ, ಇದಕ್ಕೆ ಬದಲಿಯಲ್ಲ. ಅದು ಸುಮಾರು 4x4 ಮೀಟರ್ ಚೌಕವನ್ನು ತೋರಿಸುತ್ತದೆ, ಮಹಡಿಯನ್ನಲ್ಲ. 30x40 ಅಡಿ ನಿವೇಶನವೊಂದರಲ್ಲೇ ಅಂಥ ಏಳು ಚೌಕಗಳಷ್ಟು ಜಾಗವಿದೆ. ಹಾಗಾಗಿ ಮುಖ್ಯ ಗೇಟ್ ಇರುವ ಚೌಕದ ಸಂಕೇತವನ್ನೇ ದಾಖಲಿಸುವ ನಿಯಮ ಬೇಕು.

ವಿಳಾಸ ತಿದ್ದುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಮಾತ್ರ ಇರಲಿ. ರಾಜ್ಯ, ಕೇಂದ್ರದ ಇಲಾಖೆಗಳು ಅದೇ ಪಟ್ಟಿಯನ್ನು ಬಳಸಿ, ತಪ್ಪು ಕಂಡರೆ ಅಲ್ಲಿಗೇ ವರದಿ ಮಾಡಲಿ.

– ಓದುಗ, ಬೆಂಗಳೂರು