ನಾನು ಮುಖ ನೋಡದ ವೈದ್ಯರಿಗೆ

ಕಳೆದ ಗುರುವಾರ ನನ್ನ ಹದಿನೆಂಟನೆಯ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಮುಗಿಯಿತು. ಸ್ತನ ಕ್ಯಾನ್ಸರಿಗಾಗಿ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ನಡೆದ ಈ ಚಿಕಿತ್ಸೆಯ ಕೊನೆಯ ದಿನ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಿಗೂ, ಕಿಮೋ ವಾರ್ಡಿನ ಸಿಸ್ಟರುಗಳಿಗೂ, ಮೂರು ತಿಂಗಳಿಗೊಮ್ಮೆ ಎಕೋ ಮಾಡಿ ನನ್ನ ಹೃದಯ ಈ ಔಷಧಿಯನ್ನು ತಾಳಿಕೊಳ್ಳುತ್ತಿದೆಯೇ ಎಂದು ನೋಡುತ್ತಿದ್ದವರಿಗೂ ಕೈಮುಗಿದು ಹೇಳಿ ಬಂದೆ. ಹೇಳಲಾಗದೆ ಉಳಿದದ್ದು ಒಬ್ಬರಿಗೆ ಮಾತ್ರ. ಅವರು ಬೆಂಗಳೂರಿನ ಅದೇ ಆಸ್ಪತ್ರೆಯಲ್ಲಿ, ದೇಹದಿಂದ ತೆಗೆದ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪೆಥಾಲಜಿ ವಿಭಾಗದ ವೈದ್ಯೆ. ಅವರ ಮುಖವನ್ನು ನಾನು ಇಂದಿಗೂ ನೋಡಿಲ್ಲ. ವರದಿಯ ಕೆಳಗಿರುವ ಸಹಿಯಿಂದಷ್ಟೇ ಅವರನ್ನು ಬಲ್ಲೆ. ಈ ಬರಹ ಮುಖ್ಯವಾಗಿ ಅವರಿಗೆ.

ನಡೆದದ್ದನ್ನು ಮೊದಲಿನಿಂದ ಹೇಳಬೇಕು. ಎಡ ಸ್ತನದಲ್ಲಿ ಕೈಗೆ ಸಿಕ್ಕ ಗಂಟನ್ನು ನಮ್ಮ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೊಬ್ಬಿನ ಗಂಟಿರಬಹುದೆಂದು ಊಹಿಸಿ, ಸೂಜಿಯಿಂದ ಬಯಾಪ್ಸಿಯನ್ನೂ ಮಾಡದೆ, ಒಂದು ಶನಿವಾರ ಮಧ್ಯಾಹ್ನ ನೇರವಾಗಿ ಕೊಯ್ದು ತೆಗೆದರು. ತೆಗೆದದ್ದನ್ನು ಸಣ್ಣ ಬಾಟಲಿಯಲ್ಲಿ ಹಾಕಿ, ಸೋಮವಾರ ಲ್ಯಾಬಿಗೆ ತಲುಪಿಸಿ ಎಂದು ನನ್ನ ಯಜಮಾನರ ಕೈಗೆ ಕೊಟ್ಟರು. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ, ಎರಡು ರಾತ್ರಿ ಮನೆಯ ಫ್ರಿಜ್ಜಿನಲ್ಲಿ ಜೋಪಾನವಾಗಿ ಇಟ್ಟುಕೊಂಡು, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕೊಟ್ಟು ಬಂದರು. ಬಾಟಲಿಯಲ್ಲಿದ್ದದ್ದು ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್ ಅಲ್ಲ, ಬರೀ ಸಲೈನ್ ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ವರದಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಅದರ ಜೊತೆಗೆ ಈಸ್ಟ್ರೊಜೆನ್ ಗ್ರಾಹಕ ಇಲ್ಲ, ಪ್ರೊಜೆಸ್ಟರಾನ್ ಗ್ರಾಹಕ ಇಲ್ಲ, ಹರ್-2 ಎರಡು ಪ್ಲಸ್ ಎಂದಿತ್ತು. ಗ್ರಾಹಕಗಳೆಂದರೆ ಕೋಶಗಳಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನುಗಳು; ಅವು ಇಲ್ಲವೆಂದಾದರೆ ಹಾರ್ಮೋನ್ ಮಾತ್ರೆಗಳಿಂದ ಪ್ರಯೋಜನವಿಲ್ಲ. ಹರ್-2 ಎಂಬುದು ಹೆಚ್ಚಾದರೆ ಕ್ಯಾನ್ಸರನ್ನು ವೇಗವಾಗಿ ಬೆಳೆಸುವ ಇನ್ನೊಂದು ಪ್ರೋಟೀನು; ಅದು ಎರಡು ಪ್ಲಸ್ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆಯಿಂದ ಅದನ್ನು ತೀರ್ಮಾನಿಸಬೇಕು. ನಮಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಆ ಕಾಗದ, ಗಾಜಿನ ಸ್ಲೈಡುಗಳು ಮತ್ತು ಆ ಗಂಟಿನ ತುಂಡುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನು ಚೀಲದಲ್ಲಿಟ್ಟುಕೊಂಡು ನಾವು ಬೆಂಗಳೂರಿಗೆ ಬಂದೆವು.

ಅಲ್ಲಿ ಬ್ಲಾಕುಗಳನ್ನು ಮರುಪರಿಶೀಲನೆಗೆ ಕಳುಹಿಸಿದ ನಾಲ್ಕನೆಯ ದಿನ, ಕಿಮೋ ಆರಂಭದ ದಿನಾಂಕವನ್ನು ಕೇಳಲು ಹೋದ ನಮ್ಮನ್ನು ಕ್ಯಾನ್ಸರ್ ತಜ್ಞರು ಕೂರಿಸಿಕೊಂಡು, ‘ಯಜಮಾನ್ರೇ, ಆ ತುಂಡನ್ನು ಲ್ಯಾಬಿಗೆ ಹೇಗೆ ತಗೊಂಡು ಹೋದ್ರಿ? ಪೆಥಾಲಜಿ ಮೇಡಂ ಫೋನ್ ಮಾಡಿ ಕೇಳ್ತಿದ್ದಾರೆ’ ಎಂದರು. ನನ್ನ ಇಡೀ ಚಿಕಿತ್ಸೆ ದಿಕ್ಕು ಬದಲಿಸಿದ್ದು ಆ ಒಂದು ಪ್ರಶ್ನೆಯಿಂದ.

ಆ ವೈದ್ಯೆ ಗಮನಿಸಿದ್ದು ಏನೆಂದು ತಜ್ಞರು ನಮಗೆ ಬಿಡಿಸಿ ಹೇಳಿದರು. ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದ ನನಗೆ ಅದು ಇಂದಿಗೂ ಬೆರಗಿನ ಸಂಗತಿಯಾಗಿದೆ. ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶಗಳ ಪಕ್ಕದಲ್ಲಿ ಒಂದಿಷ್ಟು ಆರೋಗ್ಯವಂತ ಹಾಲುನಾಳಗಳೂ ಇದ್ದವಂತೆ. ಅಂಥ ನಾಳದ ಕೆಲವು ಕೋಶಗಳಲ್ಲಿ ಈಸ್ಟ್ರೊಜೆನ್ ಗ್ರಾಹಕ ಇರುವುದು ಸಹಜ; ಪರೀಕ್ಷೆ ಸರಿಯಾಗಿ ನಡೆದಿದ್ದರೆ ಅವು ಕಂದು ಬಣ್ಣ ಕಟ್ಟಬೇಕು. ನನ್ನ ಸ್ಲೈಡಿನಲ್ಲಿ ಅವೂ ಬಣ್ಣ ಕಟ್ಟಿರಲಿಲ್ಲ. ಹಾಗಿದ್ದಮೇಲೆ ಸೋತದ್ದು ಪರೀಕ್ಷೆ. ಕ್ಯಾನ್ಸರಿನ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ದೇಹದಿಂದ ತೆಗೆದ ಅಂಗಾಂಶವನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ 6ರಿಂದ 72 ಗಂಟೆಗಳ ಕಾಲ ಇಡಬೇಕು ಎಂಬುದು ಈ ಪರೀಕ್ಷೆಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ. ತಡವಾದಂತೆ ಗ್ರಾಹಕದ ಪ್ರೋಟೀನುಗಳು ನಶಿಸುತ್ತವೆ, ಇರುವುದೂ ಇಲ್ಲದಂತೆ ಕಾಣುತ್ತದೆ.

ಹಳೆಯ ವರದಿಯನ್ನೇ ಒಪ್ಪಿ ಸಹಿ ಹಾಕಿ ಕಳುಹಿಸಿದ್ದರೆ ಯಾರೂ ಅವರನ್ನು ಪ್ರಶ್ನಿಸುತ್ತಿರಲಿಲ್ಲ. ಅವರು ಹಾಗೆ ಮಾಡದೆ, ಈ ಅಂಗಾಂಶದಿಂದ ಗ್ರಾಹಕಗಳ ಬಗ್ಗೆ ಏನನ್ನೂ ಹೇಳಲಾಗದು, ಹೊಸ ಮಾದರಿ ಬೇಕು ಎಂದು ಬರೆದರು. ತನಗೆ ಕಾಣದ್ದನ್ನು ಕಾಣುತ್ತಿಲ್ಲವೆಂದು ಬರೆದು ಸಹಿ ಹಾಕುವುದಕ್ಕೆ ಎಷ್ಟು ವಿದ್ಯೆ, ಎಷ್ಟು ಎದೆಗಾರಿಕೆ ಬೇಕೆಂಬುದನ್ನು ನಾನು ಆ ಎರಡು ಸಾಲಿನಲ್ಲಿ ಕಂಡೆ. ಆದರೆ ಅಂದು ಹಾಗೆ ಅನಿಸಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಚಿಕಿತ್ಸೆ ಮತ್ತೆ ಮುಂದಕ್ಕೆ ಹೋಯಿತಲ್ಲ ಎಂದು ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತು ಅತ್ತಿದ್ದೆ. ಅವರ ಬಗ್ಗೆ ಕಹಿಯಾಗಿ ಮಾತನಾಡಿದ್ದೆ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ.

ಕಂಕುಳಿನ ಒಂದು ಗ್ರಂಥಿಗೂ ರೋಗ ಹರಡಿದ್ದರಿಂದ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ದಪ್ಪ ಸೂಜಿಯಿಂದ ಅಲ್ಲಿಂದಲೇ ಹೊಸ ಮಾದರಿ ತೆಗೆದರು. ತೆಗೆದ ಎಳೆಗಳನ್ನು ನನ್ನ ಕಣ್ಣೆದುರೇ ಫಾರ್ಮಲಿನ್‌ಗೆ ಹಾಕಿ, ಬಾಟಲಿಯ ಮೇಲೆ ಗಂಟೆ ನಿಮಿಷ ಬರೆದ ಟೆಕ್ನಿಷಿಯನ್ ತಮ್ಮನಿಗೂ ನನ್ನ ವಂದನೆಗಳು ಸಲ್ಲಬೇಕು. ಈ ಬಾರಿ ಈಸ್ಟ್ರೊಜೆನ್ ಗ್ರಾಹಕ ನೂರಕ್ಕೆ ಎಂಬತ್ತು ಕೋಶಗಳಲ್ಲಿ ಕಂಡಿತು. ನೂರಕ್ಕೆ ಒಂದರಷ್ಟು ಕೋಶಗಳಲ್ಲಿ ಇದ್ದರೂ ಅದನ್ನು ಪಾಸಿಟಿವ್ ಎಂದೇ ಎಣಿಸುತ್ತಾರೆ. ಹರ್-2 ಈಗಲೂ ಎರಡು ಪ್ಲಸ್ ಎಂದೇ ಬಂದದ್ದರಿಂದ ಫಿಶ್ ಮಾಡಿಸಿದರು. ಕತ್ತಲೆಯ ಕೋಣೆಯಲ್ಲಿ ವಿಶೇಷ ಸೂಕ್ಷ್ಮದರ್ಶಕದ ಕೆಳಗೆ ಕೋಶಕೋಶದಲ್ಲೂ ಹೊಳೆಯುವ ಚುಕ್ಕೆಗಳನ್ನು ಒಬ್ಬರು ಕುಳಿತು ಎಣಿಸುವ ಕೆಲಸ ಅದು: ಹರ್-2 ಜೀನಿಗೆ ಒಂದು ಬಣ್ಣ, ಆ ಜೀನು ಇರುವ 17ನೆಯ ಕ್ರೋಮೋಸೋಮಿನ ನಡುಭಾಗಕ್ಕೆ ಇನ್ನೊಂದು ಬಣ್ಣ. ಜೀನಿನ ಪ್ರತಿಗಳು ಮಿತಿಮೀರಿ ಹೆಚ್ಚಿದ್ದವು, ಹರ್-2 ಪಾಸಿಟಿವ್.

ಹೀಗೆ ಮೊದಲ ವರದಿಯ ಪ್ರಕಾರ ನನಗೆ ಸಿಗದೇ ಹೋಗುತ್ತಿದ್ದ ಎರಡು ಚಿಕಿತ್ಸೆಗಳು ಸಿಕ್ಕವು. ಒಂದು, ಇನ್ನೂ ಕೆಲವು ವರ್ಷ ನಾನು ದಿನವೂ ನುಂಗಬೇಕಾದ ಲೆಟ್ರೊಜೋಲ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ. ಇನ್ನೊಂದು, ಕಿಮೋ ಜೊತೆಗೆ ಆರಂಭವಾಗಿ ಶಸ್ತ್ರಚಿಕಿತ್ಸೆ, ರೇಡಿಯೇಷನ್ ಮುಗಿದ ಮೇಲೂ ಮುಂದುವರಿದು ಕಳೆದ ವಾರ ಕೊನೆಗೊಂಡ, ಹರ್-2 ಪಾಸಿಟಿವ್ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಿ ಬಹುಕಾಲ ನಮ್ಮಂಥವರ ಕೈಗೆಟುಕುವ ಬೆಲೆಯಲ್ಲಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದಕ್ಕೆ ಸಮಾನವಾದ ಔಷಧಿಯನ್ನು ತಯಾರಿಸಿ ಮಾರುಕಟ್ಟೆಗೆ ತಂದಿತು, ಆಮೇಲೆ ಇತರ ಕಂಪನಿಗಳೂ ಬಂದವು. ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಯೋಜನೆ ಇದ್ದುದರಿಂದ ಸಾಲದ ಚಿಂತೆಯೂ ಬಹುಮಟ್ಟಿಗೆ ತಪ್ಪಿತು. ಇವುಗಳನ್ನು ಆಗುಮಾಡಿದ ಎಲ್ಲರಿಗೂ ನಾನು ಋಣಿ.

ನನ್ನ ಯಜಮಾನರಿಗೊಂದು ಮಾತು. ‘ನಾನು ಆ ಬಾಟಲಿಯನ್ನು ಶನಿವಾರವೇ ತಲುಪಿಸಬೇಕಿತ್ತು’ ಎಂದು ನೀವು ಇಂದಿಗೂ ನಡುರಾತ್ರಿ ಎದ್ದು ಕೂರುತ್ತೀರಿ. ಶನಿವಾರ ಸಂಜೆ ಆ ಲ್ಯಾಬಿನ ಬಾಗಿಲು ಮುಚ್ಚಿತ್ತು. ಬಾಟಲಿಯಲ್ಲಿ ಏನಿರಬೇಕೆಂದು ತಿಳಿದಿರಬೇಕಾದವರು ಅದನ್ನು ಕೊಟ್ಟವರು. ನೀವು ಅದನ್ನು ಮಗುವಿನಂತೆ ಕಾಪಾಡಿದಿರಿ. ಬೆಂಗಳೂರಿನಲ್ಲಿ ಕೇಳಿದಾಗ ಒಂದಿಷ್ಟೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಿರಿ, ಆ ವೈದ್ಯೆಯ ಸಂಶಯ ಗಟ್ಟಿಯಾದದ್ದು ನಿಮ್ಮ ಮಾತಿನಿಂದಲೇ. ನಿಮಗೆ ನಾನು ಹೇಳಬೇಕಾದ ಕೃತಜ್ಞತೆ ಒಂದು ಬರಹದಲ್ಲಿ ತೀರುವಂಥದ್ದಲ್ಲ.

ಈ ಬರಹದ ಒಂದು ಪ್ರತಿಯನ್ನು ಅಂಚೆಯಲ್ಲಿ ಆ ಪೆಥಾಲಜಿ ವಿಭಾಗಕ್ಕೆ ಕಳುಹಿಸುತ್ತಿದ್ದೇನೆ. ಮೇಲ್ಗಡೆ ನನ್ನ ಹೆಸರಿಗಿಂತ ಮೊದಲು ಬಯಾಪ್ಸಿಯ ಸಂಖ್ಯೆಯನ್ನು ದೊಡ್ಡದಾಗಿ ಬರೆದಿದ್ದೇನೆ, ಏಕೆಂದರೆ ಮೇಡಂ ಅವರಿಗೆ ನನ್ನ ಪರಿಚಯವಿರುವುದು ಆ ಸಂಖ್ಯೆಯಿಂದ.