ಕಾಳಿಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಬಾ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಬಂದು ನಾಲ್ಕು ದಿನ ಆಯ್ತು. ಎರಡು ಮಾತಲ್ಲಿ ಮುಗಿಸುವ ವಿಷಯ ಅಲ್ಲ ಅನ್ನಿಸಿ ಪತ್ರ ಬರೆಯಲು ಕೂತೆ. ನಿನ್ನ ಹಾಗೆ ಯೋಚಿಸುವ ಬೇರೆ ಮೇಷ್ಟ್ರುಗಳೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ತಾನೆ?

ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ಒಂದು ದಿನ ಬೆಂಗಳೂರಿಗೆ ಕರೆತರಬೇಕು, ಎಲ್ಲಿಗೆ ಹೋಗೋಣ ಅಂತ ಕೇಳಿದ್ದೀಯ. ಲಾಲ್‌ಬಾಗು, ವಿಧಾನಸೌಧ ಎಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಆರ್ಟ್ ಮ್ಯೂಸಿಯಂ ಬೇಡ ಬಿಡು, ನಮ್ಮ ಮಕ್ಕಳಿಗೆ ಅದೆಲ್ಲ ಏನು ಅರ್ಥ ಆಗುತ್ತೆ." ಈ ಪತ್ರ ಆ ಒಂದು ಸಾಲಿಗಾಗಿ.

ಇಲ್ಲಿ ಕಬ್ಬನ್ ಪಾರ್ಕಿನ ಸುತ್ತ ಟಬೆಬುಯಾ ಮರಗಳು ಎಲೆಯೆಲ್ಲ ಉದುರಿಸಿ ತಿಳಿಗುಲಾಬಿ ಹೂ ಹೊತ್ತು ನಿಂತಿವೆ. ಹೊಂಗೆ ಚಿಗುರುತ್ತಿದೆ. ಯುಗಾದಿ ಹತ್ತಿರ ಬಂತು. ಗ್ಯಾಲರಿಗಳಲ್ಲಿ ಹೊಸ ಪ್ರದರ್ಶನ ಏಳುವುದು ಈಗಲೇ. ಕಲಾ ಕಾಲೇಜಿನ ಹುಡುಗ ಹುಡುಗಿಯರು ವರ್ಷವಿಡೀ ಮಾಡಿದ ಕೆಲಸವನ್ನು ಗೋಡೆಗೆ ಹಾಕುತ್ತಾರೆ. ಏಪ್ರಿಲ್ 15 ವಿಶ್ವ ಕಲಾ ದಿನ, ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಮ್ಯೂಸಿಯಂ ದಿನ. ಈ ದಿನಗಳ ಆಸುಪಾಸಿನಲ್ಲಿ ಮಕ್ಕಳಿಗೆ ಚಿತ್ರ ಬರೆಸುವುದು, ಜೇಡಿಮಣ್ಣಿನ ಕೆಲಸ, ಜೊತೆಯಲ್ಲೇ ನಡೆದು ಚಿತ್ರ ತೋರಿಸುವ ವಾಕ್ ಇಂಥವು ನಡೆಯುತ್ತವೆ. ಬಿಸಿಲು ಏರುವ ಮುಂಚಿನ ಈ ಕೆಲವು ವಾರ ಬಿಟ್ಟರೆ ಮಕ್ಕಳನ್ನು ಕರೆದುಕೊಂಡು ತಿರುಗಲು ಬೇರೆ ಒಳ್ಳೆ ಕಾಲ ಇಲ್ಲ.

ಈಗ ಹೇಳು. ನಾವು ಏಳನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಮೈಸೂರಿನ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದರಲ್ಲ, ಏನೇನು ನೆನಪಿದೆ? ನನಗೆ ಆ ದೀಪ ಹಿಡಿದ ಹೆಂಗಸಿನ ಚಿತ್ರ ಬಿಟ್ಟರೆ ಬೇರೇನೂ ನೆನಪಿಲ್ಲ. ನಿನಗೂ ಅದೇ ನೆನಪಿರುತ್ತೆ, ಪಂದ್ಯ ಕಟ್ಟುತ್ತೇನೆ. ಸುಮಾರು ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ಅಲ್ಲ, ಬರೆದವರು ಎಸ್. ಎಲ್. ಹಳದಣಕರ್, 1945ರ ಸುಮಾರಿನಲ್ಲಿ, ತಮ್ಮ ಮಗಳನ್ನೇ ನಿಲ್ಲಿಸಿಕೊಂಡು. ತೈಲವರ್ಣವೂ ಅಲ್ಲ, ಜಲವರ್ಣ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅವತ್ತು ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಮುಖ ನೋಡಬೇಡ್ರೋ, ಬೆರಳು ನೋಡಿ. ರಾತ್ರಿ ಕರೆಂಟ್ ಹೋದಾಗ ದೀಪಕ್ಕೆ ಕೈ ಅಡ್ಡ ಹಿಡಿದಾಗ ನಿಮ್ಮ ಬೆರಳು ಹೇಗಿರುತ್ತೆ?" ನೋಡಿದೆವು. ಬೆಳಕು ಬೆರಳನ್ನು ತೂರಿ ಬರುತ್ತಿತ್ತು. ಬೆರಳ ಸಂದಿಯಲ್ಲಿ ಚರ್ಮ ಕೆಂಪಗೆ ಕೆಂಡದ ಹಾಗೆ ಹೊಳೆಯುತ್ತಿತ್ತು. ನೀನು ಆ ರಾತ್ರಿ ಮನೆಯಲ್ಲಿ ಬುಡ್ಡಿ ಹಚ್ಚಿ ಕೈ ಅಡ್ಡ ಇಟ್ಟು ನೋಡಿದ್ದೆ, ಮಾರನೇ ದಿನ ಬಂದು ಹೇಳಿದ್ದೆ. ಚಿತ್ರದ ಮೇಷ್ಟ್ರಾಗಬೇಕು ಅಂತ ನಿನ್ನ ತಲೆಗೆ ಬಂದದ್ದು ಆಗಲೇ ಅಲ್ವಾ?

ನಮಗೆ ಅವತ್ತು ಅರ್ಥ ಆಗಿತ್ತು ಕಣೋ. ಮೇಷ್ಟ್ರು ನಮ್ಮ ಮಾತಲ್ಲಿ, ನಮ್ಮ ಮನೆಯ ಬುಡ್ಡಿ ದೀಪ ಇಟ್ಟುಕೊಂಡು ಹೇಳಿದರು.

ಹೋದ ವರ್ಷ ಮಾರ್ಚಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಇಲ್ಲಿನ ಒಂದು ಗ್ಯಾಲರಿಯಲ್ಲಿ ಶನಿವಾರದ ವಾಕ್ ಇತ್ತು. ಹೆಸರು ಬೇಡ. ಹತ್ತು ಹನ್ನೆರಡು ಜನ ಇದ್ದೆವು. ಕಾಲೇಜು ಹುಡುಗಿಯೊಬ್ಬಳು ಹಳ್ಳಿಯಿಂದ ಬಂದಿದ್ದ ತಾಯಿಯನ್ನು ಕರೆತಂದಿದ್ದಳು. ಪೂರ್ತಿ ಇಂಗ್ಲಿಷಿನಲ್ಲೇ ನಡೆಯಿತು. ಗೋಡೆಯ ಮೇಲಿನ ಚೀಟಿಗಳೂ ಇಂಗ್ಲಿಷಿನಲ್ಲೇ. ಮೂರನೇ ಚಿತ್ರಕ್ಕೆ ಬರುವಷ್ಟರಲ್ಲಿ ಆ ತಾಯಿ ಹಿಂದೆ ಸರಿದು ಬೆಂಚಿನ ಮೇಲೆ ಕೂತುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಅಮ್ಮ, ಇದೊಂದು ನೋಡಿ ಬನ್ನಿ" ಅಂತ ಕರೆದೆ. ಒಂದು ಸಣ್ಣ ಜಲವರ್ಣ, ಬೆಟ್ಟದ ಮೇಲೆ ಮಂಜು. ಚೀಟಿಯಲ್ಲಿ ಇಸವಿ, ಅಳತೆ ಬಿಟ್ಟರೆ ಏನೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ ಹೇಳಿದರು: "ಇದು ಹೊತ್ತಾರೆ ಮಂಜು ಕಣಪ್ಪ. ಇನ್ನೊಂದು ಗಳಿಗೆಗೆ ಕರಗೋಯ್ತದೆ. ನೋಡು, ಕೆಳಗಿಂದ ಬಿಡ್ತಾ ಐತೆ." ಆ ಚಿತ್ರವನ್ನು ನಾನು ಮುಂಚೆ ನಾಲ್ಕೈದು ಸಲ ನೋಡಿದ್ದೆ. ಮಂಜು ಕೆಳಗಿನಿಂದ ಬಿಡುತ್ತಿದೆ ಅನ್ನುವುದು ನನಗೆ ಕಂಡಿರಲಿಲ್ಲ. ಅಂಥವರನ್ನು ಬೆಂಚಿನ ಮೇಲೆ ಕೂರಿಸಿ ಕಾರ್ಯಕ್ರಮ ಮುಂದೆ ಹೋಗಿಬಿಟ್ಟಿತಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅಲ್ಲಿನ ಪುಸ್ತಕದಲ್ಲಿ ಕನ್ನಡದಲ್ಲೂ ವಾಕ್ ಮಾಡಿ ಅಂತ ಬರೆದು ಬಂದೆ. ಈ ಸಲವೂ ಬರೆಯುತ್ತೇನೆ.

ನಿನ್ನ ಮಕ್ಕಳಿಗೆ ಅರ್ಥ ಆಗುತ್ತಾ ಅನ್ನುವ ಮಾತಿಗೆ ಬರುತ್ತೇನೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಗೊತ್ತಲ್ಲ, 1877ರ ಆ ಕೆಂಪು ಕಟ್ಟಡ? ಅಲ್ಲಿ ನಿಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಒಂದು ಕಲ್ಲಿದೆ. ಈಗ ಆತಗೂರು ಅನ್ನುತ್ತೀರಲ್ಲ, ಅದೇ ಊರು. ಕಲ್ಲಿನ ಮೇಲೆ ಒಂದು ನಾಯಿಯೂ ಕಾಡುಹಂದಿಯೂ ಸೆಣಸುತ್ತಿವೆ. ಸುತ್ತ ಹಳಗನ್ನಡದ ಅಕ್ಷರ.

ಆ ನಾಯಿಯ ಹೆಸರು ಕಾಳಿ. 949ರಲ್ಲಿ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ರಾಜ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ಆಯ್ತು. ಚೋಳರ ರಾಜಾದಿತ್ಯ ಸತ್ತ. ಗಂಗರ ರಾಜ ಬೂತುಗ ಕೃಷ್ಣನ ಪರ ಇದ್ದ. ಬೂತುಗನ ಕಡೆಯ ಮಣಲೆರ ಅನ್ನುವವನು ಚೆನ್ನಾಗಿ ಕಾದಾಡಿದ. ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿಯನ್ನು ಕೊಡಿ ಅಂದ. ಕೊಟ್ಟರು. ಆಮೇಲೆ ಬೆಳತೂರಿನ ಪಡುವಲ ದಿಣ್ಣೆಯ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗೊರವನಿಗೆ, ಅಂದರೆ ಗುಡಿಯ ಪೂಜಾರಿಗೆ, ಪಾಪ ಅಂತಲೂ ಕಲ್ಲಲ್ಲೇ ಬರೆಸಿದ. ಒಂದು ನಾಯಿಗಾಗಿ!

ನಿಮ್ಮ ಕಡೆ ಕಬ್ಬಿನ ಗದ್ದೆಗೆ ಹಂದಿ ನುಗ್ಗುವುದು ನಿನ್ನ ಮಕ್ಕಳಿಗೆ ಗೊತ್ತು. ರಾತ್ರಿ ಕಾವಲಿಗೆ ಅಪ್ಪನ ಜೊತೆ ಹೋದವರೂ ಇರುತ್ತಾರೆ. ಹಂದಿ ತಿರುಗಿ ಬಿದ್ದರೆ ನಾಯಿಯ ಗತಿ ಏನು ಅಂತ ಬೆಂಗಳೂರಿನ ಯಾವ ಮಗುವಿಗಿಂತಲೂ ಅವರಿಗೇ ಜಾಸ್ತಿ ಗೊತ್ತು. ಅವರೇ ಹೇಳಲಿ, ನಾವು ಕೇಳೋಣ. ಸಾವಿರ ವರ್ಷಕ್ಕೂ ಹಿಂದೆ ಉಳಿ ಹಿಡಿದವನು ಹಂದಿಯನ್ನು ಸರಿಯಾಗಿ ಕಂಡಿದ್ದನಾ ಇಲ್ಲವಾ ಅಂತ.

ಕಾಳಿಯ ಮುಂದೆ ಮುಕ್ಕಾಲು ಗಂಟೆ ಇರಲಿ. ಅವಸರ ಬೇಡ. ಅಲ್ಲೇ ನೆಲದ ಮೇಲೆ ಕೂತು ಪೆನ್ಸಿಲಿನಲ್ಲಿ ಬರೆಯಲಿ.

ಪಕ್ಕದಲ್ಲೇ ವೆಂಕಟಪ್ಪ ಗ್ಯಾಲರಿ. ಕೆ. ವೆಂಕಟಪ್ಪನವರು ಮೈಸೂರು ಆಸ್ಥಾನದ ಚಿತ್ರಗಾರರ ಮನೆತನದಿಂದ ಬಂದವರು. ಕಲ್ಕತ್ತಾಗೆ ಹೋಗಿ ಅಲ್ಲಿನ ಹೆಸರಾಂತ ಚಿತ್ರಗಾರ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಮದುವೆಯಾಗಲಿಲ್ಲ. ಅವರು ಬರೆದ ಊಟಿಯ ಜಲವರ್ಣಗಳನ್ನು ನೀನು ನೋಡಲೇಬೇಕು. ಮಕ್ಕಳಿಗಿಂತ ನಿನಗಾಗಿ ಹೇಳುತ್ತಿದ್ದೇನೆ. ಮೋಡದ ಬಣ್ಣ ಎಲ್ಲಿ ಮುಗಿಯುತ್ತೆ, ಬೆಟ್ಟದ್ದು ಎಲ್ಲಿ ಶುರುವಾಗುತ್ತೆ ಅಂತ ಹುಡುಕುತ್ತಾ ನಾನು ಎಷ್ಟೋ ಹೊತ್ತು ನಿಂತಿದ್ದೇನೆ.

ಅದೇ ರಸ್ತೆಯಲ್ಲಿ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಅಂತ ಹೊಸ ಮ್ಯೂಸಿಯಂ ಇದೆ. 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದಾಗ ನಮ್ಮ ಕುಂದಾಪುರ ಕಡೆಯ ಎಲ್. ಎನ್. ತಲ್ಲೂರ್ ಅವರ ಶಿಲ್ಪಗಳೂ ಅಲ್ಲಿದ್ದವು. ಕಣ್ಣು ಕಾಣದವರು ಮುಟ್ಟಿ ನೋಡುವ ಹಾಗೆ ಕೆಲವು ಚಿತ್ರಗಳನ್ನು ಉಬ್ಬುಗೆಲಸದಲ್ಲಿ ಮಾಡಿಟ್ಟಿದ್ದಾರೆ. ನಿನ್ನ ಕ್ಲಾಸಿನಲ್ಲಿ ದೃಷ್ಟಿ ಕಮ್ಮಿ ಇರುವ ಹುಡುಗಿ ಇದ್ದಾಳೆ ಅಂದಿದ್ದೆಯಲ್ಲ, ಅವಳನ್ನು ಬಿಟ್ಟು ಬರಬೇಡ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇನ್ನೊಂದು ಸಲಕ್ಕಿರಲಿ. ಒಂದೇ ದಿನಕ್ಕೆ ಎಲ್ಲ ತುರುಕಿದರೆ ಮಕ್ಕಳಿಗೆ ಕಾಲುನೋವು ಒಂದೇ ನೆನಪಿರುತ್ತೆ.

ಸೋಮವಾರ ಮಾತ್ರ ಬೇಡ, ರಜೆ ಇರುತ್ತೆ. ದುರಸ್ತಿ ಅಂತ ಕೆಲವು ಕೋಣೆ ಮುಚ್ಚಿರುವುದೂ ಉಂಟು. ಅದಕ್ಕೇ ಹಿಂದಿನ ವಾರ ನಾನೇ ಹೋಗಿ ಕಾಳಿಯ ಕಲ್ಲು ನೋಡಲು ಬಿಡುತ್ತಾರಾ ಅಂತ ವಿಚಾರಿಸಿಕೊಂಡು ಬರುತ್ತೇನೆ. ಬೆಳಿಗ್ಗೆ ರೈಲಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಮರದ ನೆರಳಲ್ಲೇ ನಡೆಯೋಣ. ಪ್ರತಿ ಮಗುವಿನ ಕೈಯಲ್ಲೂ ಒಂದು ರಟ್ಟು, ನಾಲ್ಕು ಹಾಳೆ, ಒಂದು ಪೆನ್ಸಿಲ್ ಇರಲಿ. ಬಣ್ಣ ತರಬೇಡ, ಒಳಗೆ ಬಿಡುವುದಿಲ್ಲ.

ಊಟದ ಯೋಚನೆ ಬಿಡು. ಮಾವಿನಕಾಯಿ ಚಿತ್ರಾನ್ನ, ಮೊಸರನ್ನ ಮನೆಯಿಂದಲೇ ಕಟ್ಟಿಸಿಕೊಂಡು ಬರುತ್ತೇನೆ, ಪಾರ್ಕಿನಲ್ಲಿ ಕೂತು ತಿನ್ನೋಣ. ಎಷ್ಟು ಮಕ್ಕಳು ಅಂತ ಮಾತ್ರ ಮೊದಲೇ ತಿಳಿಸು. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರಿಗೆ ಮಂಡಿ ನೋವು ಕಮ್ಮಿ ಇದ್ದರೆ ಅವರನ್ನೂ ಕರೆದುಕೊಂಡು ಬಾ.

ನಿನ್ನ ದಾರಿ ಕಾಯುತ್ತಾ,
ನಿನ್ನ ಗೆಳೆಯ