ಮೊಳೆ ಜೋಡಿಸಿದ ಅಪ್ಪನ ಕಾಗದ

ಪ್ರೀತಿಯ ಪುಟ್ಟಿ,

ಕಾಲೇಜಿನ ಸ್ಕ್ರ್ಯಾಬಲ್ ಪಂದ್ಯದಿಂದ, ಅದೇ ಚೀಲದಿಂದ ಅಕ್ಷರದ ಬಿಲ್ಲೆ ತೆಗೆದು ಹಲಗೆಯ ಮೇಲೆ ಪದ ಜೋಡಿಸುವ ಆಟದಿಂದ, ಹೆಸರು ತೆಗೆಸಿಬಿಟ್ಟೆ ಅಂದೆಯಲ್ಲ, ಅದು ರಾತ್ರಿಯೆಲ್ಲ ಕೊರೆಯಿತು. ‘ಕನ್ನಡ ಮೀಡಿಯಂನವಳಿಗೆ ಇಂಗ್ಲಿಷ್ ಪದ ಎಲ್ಲಿ ಹೊಳೆಯುತ್ತೆ ಅಪ್ಪ’ ಅಂದೆ. ಫೋನಿನಲ್ಲಿ ನನಗೆ ಏನೂ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಬಗ್ಗೆ ಪೇಪರಿನಲ್ಲಿ ಓದಿದ್ದೆ. 2015ರಲ್ಲಿ ಅವರು ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ! ಒಂಬತ್ತು ವಾರ ಕೂತು ಪದಗಳ ಪಟ್ಟಿಯನ್ನೇ ತಲೆಗೆ ತುಂಬಿಕೊಂಡಿದ್ದರಂತೆ. 2018ರಲ್ಲಿ ಮತ್ತೆ ಗೆದ್ದರು. 2024ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ಸ್ಪ್ಯಾನಿಷ್ ಪಟ್ಟವೂ ಅವರದೇ. 24 ಆಟದಲ್ಲಿ ಸೋತಿದ್ದು ಒಂದೇ ಒಂದು. ಆ ಭಾಷೆಯೂ ಅವರಿಗೆ ಬರದು. ಇಂಗ್ಲಿಷ್ ಸ್ಕ್ರ್ಯಾಬಲ್‌ನ ವಿಶ್ವ ಪಟ್ಟವನ್ನು 2003ರಲ್ಲಿ, 2009ರಲ್ಲಿ ಗೆದ್ದವರು ಥಾಯ್ಲೆಂಡಿನವರು. ಇಂಗ್ಲಿಷ್ ಅವರ ಮನೆಮಾತೇನಲ್ಲ.

ಎಲ್ಲರೂ ಇದನ್ನು ಪವಾಡ ಅಂತಾರೆ. ನನಗೆ ಹಾಗನ್ನಿಸಲಿಲ್ಲ. ಯಾಕೆ ಗೊತ್ತಾ?

ನೀನು ಹುಟ್ಟುವ ಮುಂಚೆ ನಾನು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಿದ್ದೆ. ಇಂಗ್ಲಿಷ್ ಲಗ್ನಪತ್ರಿಕೆ ಬಂದರೆ ಒಂದು ಸಾಲಿನ ಅರ್ಥವೂ ಆಗುತ್ತಿರಲಿಲ್ಲ. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು, ಬಲಗೈ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆಯಿದ್ದ ಕೇಸಿನ ಮೇಲೆ. ಮೊಳೆಯಲ್ಲಿ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ‘ಕ್ಯೂ’ ಇಟ್ಟ ಕೂಡಲೇ ಬೆರಳು ತಾನಾಗಿ ‘ಯು’ ಮನೆಗೆ ಹೋಗುತ್ತಿತ್ತು. ಬರೆದು ಕೊಟ್ಟವರು ಸ್ಪೆಲಿಂಗ್ ತಪ್ಪಿದ್ದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಏನು ತಪ್ಪು ಅಂತ ಹೇಳೋಕೆ ಬರ್ತಿರಲಿಲ್ಲ, ತಪ್ಪಿದೆ ಅಂತ ಮಾತ್ರ ಗೊತ್ತಾಗುತ್ತಿತ್ತು. ಕೇಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಇಂಗ್ಲಿಷಿನ ‘ಇ’ಗೆ, ಅದೇ ಹೆಚ್ಚು ಬೇಕಾಗೋದು. ಸ್ಕ್ರ್ಯಾಬಲ್ ಚೀಲದ 100 ಬಿಲ್ಲೆಗಳಲ್ಲೂ 12 ‘ಇ’ಗಳೇ ಅಂತ ಓದಿದಾಗ ಮೈ ಜುಮ್ಮೆಂದಿತು ಪುಟ್ಟಿ. ಹಳೇ ಗುರುತಿನವರು ಸಿಕ್ಕ ಹಾಗಾಯಿತು.

ಅರ್ಥ ಬೇಡ ಅನ್ನುತ್ತಿಲ್ಲ. ಲಗ್ನಪತ್ರಿಕೆಯ ಅರ್ಥ ತಿಳಿಯದೆ ನಾನೂ ಸಂಕಟಪಟ್ಟಿದ್ದೇನೆ, ಪ್ರೂಫ್ ಮನೆಗೆ ತಂದು ಪಕ್ಕದ ಮೇಷ್ಟ್ರ ಹತ್ತಿರ ಓದಿಸಿದ್ದೇನೆ. ಆದರೆ ಸ್ಕ್ರ್ಯಾಬಲ್ ಹಲಗೆಯ ಮೇಲೆ ಯಾರೂ ಅರ್ಥ ಕೇಳುವುದಿಲ್ಲ. ಯಾವ ಅಕ್ಷರದ ಪಕ್ಕ ಯಾವುದು ಕೂರುತ್ತೆ, ಚೀಲದಲ್ಲಿ ಇನ್ನೇನು ಉಳಿದಿದೆ, ಅಷ್ಟೇ. ಚಿಕ್ಕವಳಿದ್ದಾಗ ನನ್ನ ಹಳೇ ಮೊಳೆಗಳನ್ನು ಒಂದೊಂದೇ ಬೇರ್ಪಡಿಸಿ ಇಡುತ್ತಿದ್ದವಳು ನೀನು. ಅಂಥವಳಿಗೆ ಇದು ಬರಲ್ಲ ಅಂದರೆ ನಾನು ಒಪ್ಪಲ್ಲ.

ಇಂಗ್ಲಿಷ್ ಆಟದಲ್ಲಿ ಒಪ್ಪುವ ಎರಡಕ್ಷರದ ಪದಗಳೇ ನೂರಕ್ಕಿಂತ ಜಾಸ್ತಿ ಇವೆಯಂತೆ. ದಿನಕ್ಕೆ ಹತ್ತು ಕಲಿ, ಅಲ್ಲಿಂದ ಶುರು ಮಾಡು. ನಾಳೆಯೇ ಹೋಗಿ ಹೆಸರು ಮತ್ತೆ ಬರೆಸು. ದಸರಾಕ್ಕೆ ಬರುವಾಗ ಬಿಲ್ಲೆಗಳ ಡಬ್ಬಿ ತಾ, ಎದುರಿಗೆ ನಾನು ಕೂರುತ್ತೇನೆ.

ನಿನ್ನ ಅಪ್ಪ